ಎಷ್ಟು ಇಂಚಿಗೆ ಮನೆ ಬಿಡಬೇಕು?

(ಮುಂಗಾರಿಗೆ ಮೊದಲು ಮಡಿಕೇರಿ ತಾಲೂಕಿನ ಒಂದು ಹಳ್ಳಿಯ ಸಹಕಾರ ಸಂಘದ ಸಭಾಂಗಣದಲ್ಲಿ ಗುಡ್ಡ ಕುಸಿತದ ಎಚ್ಚರಿಕೆ ಕುರಿತು ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ನಿಮ್ಮೂರಿನ ಒಂದು ಮನೆಯಲ್ಲಿ ಉಳಿದುಕೊಂಡಿದ್ದೆ. ಊಟ ಆದ ಮೇಲೆ ಮನೆಯ ಅಜ್ಜ ಒಂದು ಪುಸ್ತಕ ತಂದು ತೋರಿಸಿದರು. ಉದ್ದನೆಯ ಲೆಕ್ಕದ ಪುಸ್ತಕ, ರಟ್ಟಿನ ಅಂಚೆಲ್ಲ ಗೆದ್ದಲು ತಿಂದಿದೆ. ಎಡಕ್ಕೆ ತಾರೀಕು, ಬಲಕ್ಕೆ ಇಂಚು ಮತ್ತು ಸೆಂಟು, ಅಂದರೆ ಇಂಚಿನ ನೂರರಲ್ಲೊಂದು ಭಾಗ. ಕಾಫಿ ತೋಟದವರ ಮನೆಯಲ್ಲಿ ಇಂಥ ಮಳೆ ಪುಸ್ತಕ ಇರುವುದು ಹೊಸದೇನಲ್ಲ, ನಿಮಗೇ ಗೊತ್ತು. ಬೆಳಿಗ್ಗೆ ಎದ್ದು ಅಂಗಳದ ಡಬ್ಬಿಯ ನೀರನ್ನು ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆದಿಡುವುದು. ಆ ಪುಸ್ತಕದಲ್ಲಿ ಮೂರು ಕೈಬರಹ ಇತ್ತು. ಅಜ್ಜನದು, ಮಗನದು, ಈಗ ಸೊಸೆಯದು.

ನಾನು 2018ರ ಆಗಸ್ಟ್ ಪುಟ ತೆರೆದೆ. ತಿಂಗಳ ಮೊದಲಿನಿಂದಲೂ ಸಂಖ್ಯೆಗಳು ಒಂದರ ಕೆಳಗೊಂದು ನೀಟಾಗಿ ಇಳಿದು ಬಂದಿದ್ದವು. ಎರಡನೇ ವಾರದಲ್ಲಿ ಸಂಖ್ಯೆ ದೊಡ್ಡದಾಗುತ್ತಾ ಹೋಗಿತ್ತು. 17ನೇ ತಾರೀಕಿನ ಎದುರು ಸಂಖ್ಯೆಯ ಬದಲು 'ಡಬ್ಬಿ ತುಂಬಿ ಚೆಲ್ಲಿದೆ' ಎಂದು ಬರೆದಿತ್ತು. ಅದರ ಕೆಳಗೆ ತಿಂಗಳ ಕೊನೆಯವರೆಗೂ ಖಾಲಿ. ಆ ದಿನಗಳಲ್ಲಿ ಮನೆಯವರೆಲ್ಲ ಪರಿಹಾರ ಕೇಂದ್ರದಲ್ಲಿದ್ದರು.

'ಆ ವಾರ ಸಂಖ್ಯೆ ಹೀಗೆ ಏರುವುದನ್ನು ನೋಡಿದಾಗ ಏನು ಅನ್ನಿಸಿತು?' ಎಂದು ಕೇಳಿದೆ. 'ಏನು ಅನ್ನಿಸೋದು ಸಾರ್, ಬರೆದೆ' ಎಂದರು ಅಜ್ಜ.

ನಾನು ಇವತ್ತು ಹೇಳಬೇಕಾದ ಮಾತೆಲ್ಲ ಆ ಉತ್ತರದಲ್ಲೇ ಇದೆ. ನಮಗೆ ಮಳೆ ಅಳೆಯಲು ಬರುತ್ತದೆ. ಅಷ್ಟು ಶಿಸ್ತಿನಿಂದ ಅಳೆಯುವ ಜನ ದೇಶದಲ್ಲಿ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಎಷ್ಟು ಇಂಚು ಆದರೆ ಏಳಬೇಕು, ಎದ್ದು ಎಲ್ಲಿಗೆ ಹೋಗಬೇಕು ಎನ್ನುವುದನ್ನು ನಾವು ಯಾವತ್ತೂ ಕೂತು ನಿಶ್ಚಯ ಮಾಡಿಕೊಂಡಿಲ್ಲ. ಹಾಗಾಗಿ ಪುಸ್ತಕದಲ್ಲಿ ಮಳೆ ಇದೆ, ಎಚ್ಚರಿಕೆ ಇಲ್ಲ.

ಮೊದಲು ಈ ಒಂದು ಇಂಚು ಎಂದರೆ ಎಷ್ಟು ಎಂದು ನೋಡೋಣ. ಒಂದು ಎಕರೆ ಜಾಗಕ್ಕೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು. ತೂಕದಲ್ಲಿ ನೂರು ಟನ್. ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರ್ ತಂದು ನಿಮ್ಮ ಒಂದು ಎಕರೆಗೆ ಸುರಿದ ಹಾಗೆ. ಹತ್ತು ಇಂಚು ಬಿದ್ದರೆ ನೂರು ಟ್ಯಾಂಕರ್. ಒಂದಿಷ್ಟು ಹರಿದು ಹೊಳೆ ಸೇರುತ್ತದೆ, ಒಂದಿಷ್ಟನ್ನು ಮಣ್ಣು ಕುಡಿಯುತ್ತದೆ. ಜೂನ್, ಜುಲೈ ಎರಡು ತಿಂಗಳು ಕುಡಿದೂ ಕುಡಿದೂ ಮಣ್ಣಿಗೆ ಸಾಕಾಗಿರುತ್ತದೆ. ಆಗ ಬರುತ್ತದೆ ಆಶ್ಲೇಷ. 'ಆಶ್ಲೇಷ ಮಳೆ, ಈಸಲಾರದ ಹೊಳೆ' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ, ಮುಕ್ಕೋಡ್ಲು ಕಡೆಯ ಗುಡ್ಡಗಳು ಇಳಿದದ್ದು ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತಿನಲ್ಲಿ.

ಮಣ್ಣಿನ ಕಣಕ್ಕೂ ಕಣಕ್ಕೂ ಇರುವ ಹಿಡಿತದಿಂದ ಇಳಿಜಾರು ನಿಂತಿರುತ್ತದೆ. ಆ ಸಂದಿಗಳಲ್ಲಿ ನೀರು ತುಂಬಿ ಒತ್ತಡ ಹೆಚ್ಚಿದಾಗ ಕಣಗಳು ಒಂದನ್ನೊಂದು ಬಿಡುತ್ತವೆ. ಮೇಲೆ ಗಟ್ಟಿ ಮಣ್ಣು, ಕೆಳಗೆ ಶಿಥಿಲವಾದ ಕಲ್ಲು, ನಡುವೆ ನುಣ್ಣನೆಯ ಜೇಡಿ ಪದರ ಇದ್ದರಂತೂ ಸಾಬೂನು ಸವರಿದ ಹಾಗೆ. ಘಟ್ಟದ ಕೆಳಗಿನವರು ಜಂಬಿಟ್ಟಿಗೆಯ ಅಡಿಯ ಅಂಥ ಮಣ್ಣಿಗೆ ಶೇಡಿ ಮಣ್ಣು ಎನ್ನುತ್ತಾರೆ. ಬೇಸಿಗೆಯಲ್ಲಿ ಗುದ್ದಲಿಗೆ ಬಗ್ಗದ ಅದೇ ಮಣ್ಣು ನೀರು ಕುಡಿದಾಗ ಗಂಜಿಯಾಗುತ್ತದೆ.

ಒಬ್ಬರು ಕೇಳಿದರು: ಆ ವರ್ಷ ಜುಲೈಯಲ್ಲಿ ಭೂಮಿ ನಡುಗಿತ್ತಲ್ಲ, ಅದರಿಂದ ಆದದ್ದಲ್ಲವೇ? 2018ರ ಜುಲೈ 9ರಂದು ಸಣ್ಣ ಭೂಕಂಪ ಆದದ್ದು ನಿಜ, ತೀವ್ರತೆ 3.4. ಕುಸಿತವಾದದ್ದು ಅದಕ್ಕೆ ಐದು ವಾರದ ನಂತರ, ಮಳೆಯ ತುತ್ತತುದಿಯಲ್ಲಿ. ಸ್ಥಳಕ್ಕೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬೆರಳು ತೋರಿಸಿದ್ದು ಭಾರಿ ಮಳೆಯ ಜೊತೆಗೆ ಇಳಿಜಾರನ್ನು ನಾವು ಕಡಿದ ರೀತಿಯ ಕಡೆಗೆ. ರಸ್ತೆಗೆ, ಮನೆಗೆ, ಹೋಂಸ್ಟೇಗೆ. ಭೂಕಂಪದ ಮೇಲೆ ಹೊರಿಸಿದರೆ ನಮಗೆ ಮಾಡಲು ಏನೂ ಉಳಿಯುವುದಿಲ್ಲ. ಕಡಿದದ್ದು ಕಾರಣ ಎಂದರೆ ಮಾಡಲು ಬೇಕಾದಷ್ಟು ಇದೆ.

ನೀವು 'ಬರೆ' ಎನ್ನುತ್ತೀರಿ, ತೀರ್ಥಹಳ್ಳಿ, ಸಾಗರದ ಕಡೆ 'ಧರೆ' ಎನ್ನುತ್ತಾರೆ. ಗುಡ್ಡವನ್ನು ನೆಟ್ಟಗೆ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಗುದ್ದಲಿ, ಹಾರೆಯ ಕಾಲದಲ್ಲಿ ಆಳೆತ್ತರದ ಬರೆ ತೆಗೆಯಬೇಕಾದರೆ ವಾರಗಟ್ಟಲೆ ಬೇಕಿತ್ತು, ಹಾಗಾಗಿ ಬೇಕಾದಷ್ಟೇ ತೆಗೆಯುತ್ತಿದ್ದರು. ಈಗ ಜೆಸಿಬಿ ಒಂದು ಹಗಲಿನಲ್ಲಿ ಎರಡು ಅಂತಸ್ತಿನ ಎತ್ತರಕ್ಕೆ ಕಡಿದು ಹೋಗುತ್ತದೆ. ಕೆಳಗಿನ ಮಣ್ಣು ತೆಗೆದರೆ ಮೇಲಿನದಕ್ಕೆ ಊರುಗೋಲು ಕಿತ್ತಂತೆ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಆದದ್ದನ್ನು ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಹೆದ್ದಾರಿ ಅಗಲಿಸಲು ಕಡಿದ ಗುಡ್ಡ ಇಳಿದು, ರಸ್ತೆಬದಿಯ ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ಹೊಳೆಗೆ ದೂಡಿತು. 11 ಜನ ಹೋದರು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡದಿಂದ ದೂರ ಇದ್ದೇವೆ, ನಡುವೆ ಹೊಳೆಯೇ ಇದೆ ಎಂದುಕೊಂಡವರ ಮನೆ.

ಹಾಂಗ್‌ಕಾಂಗ್ ನಮ್ಮ ಹಾಗೆಯೇ ಗುಡ್ಡ ಕಡಿದು ಕಟ್ಟಿದ ಊರು. 1972ರ ಜೂನ್ 18ರಂದು ಒಂದೇ ದಿನ ಎರಡು ಕಡೆ ಕುಸಿದು 138 ಜನ ಸತ್ತರು. 1976ರಲ್ಲಿ ಮತ್ತೆ ಕುಸಿಯಿತು. ಮರುವರ್ಷ ಅವರು ಇಳಿಜಾರುಗಳಿಗೆಂದೇ ಒಂದು ಕಚೇರಿ ತೆರೆದರು. ಇವತ್ತು ಅಲ್ಲಿ ಕಡಿದ ಸುಮಾರು 60,000 ಇಳಿಜಾರುಗಳಿಗೆ ಒಂದೊಂದಕ್ಕೂ ನಂಬರ್ ಇದೆ. ರಸ್ತೆ ಬದಿಯ ಬರೆಯ ಮೇಲೆ ಪುಟ್ಟ ಫಲಕ, ಅದರಲ್ಲಿ ಆ ಬರೆಯ ಸಂಖ್ಯೆ, ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದಕ್ಕೆ ದಾಖಲೆ. ನಮ್ಮಲ್ಲಿ ವಿದ್ಯುತ್ ಕಂಬಕ್ಕೆ ನಂಬರ್ ಇದೆ, ಬರೆಗೆ ಇಲ್ಲ. ಈ ಪಂಚಾಯಿತಿಯಲ್ಲಿ ಎರಡಾಳೆತ್ತರ ಮೀರಿದ ಬರೆ ಎಷ್ಟಿವೆ? ಯಾವ ಯಾವ ಮನೆಯ ಹಿಂದೆ? ಇದನ್ನು ಎಣಿಸಲು ಸರ್ಕಾರ ಬರಬೇಕಾಗಿಲ್ಲ. ಪ್ರೌಢಶಾಲೆಯ ಮಕ್ಕಳು ಎರಡು ಭಾನುವಾರದಲ್ಲಿ ಎಣಿಸಿ ನಕ್ಷೆ ಬರೆದು ಕೊಡುತ್ತಾರೆ. ಈ ಕೆಲಸ ಮಳೆ ಹಿಡಿಯುವ ಮೊದಲೇ ಆಗಲಿ ಎಂದು ಕೈಮುಗಿದು ಕೇಳುತ್ತೇನೆ.

ಮಳೆನೀರು ಇಂಗಿಸುವ ಗುಂಡಿಗಳ ಬಗ್ಗೆಯೂ ಒಂದು ಮಾತು. ಬಯಲುಸೀಮೆಗೆ ಅದು ಪುಣ್ಯದ ಕೆಲಸ. ಕಡಿದಾದ, ಮಣ್ಣು ದಪ್ಪವಿರುವ ಗುಡ್ಡದ ತಲೆಯ ಮೇಲೆ ನೀರು ನಿಲ್ಲಿಸುವುದು ಬೇರೆಯೇ ವಿಷಯ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆ ಹೋದಾಗ ಮೇಲಿನ ಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯಾಯಿತು. ಆ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ನಿಮ್ಮ ಮನೆಯ ಮೇಲಿನ ಇಳಿಜಾರಿನಲ್ಲಿ ನೀರು ನಿಲ್ಲುತ್ತಿದ್ದರೆ ಚರಂಡಿ ತೆಗೆದು ಪಕ್ಕದ ತೋಡಿಗೆ ದಾಟಿಸಿ, ಅಷ್ಟೇ.

ಈಗ ಎಚ್ಚರಿಕೆಯ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. 24 ಗಂಟೆಯಲ್ಲಿ 204.4 ಮಿಲಿಮೀಟರ್, ಅಂದರೆ ನಿಮ್ಮ ಲೆಕ್ಕದಲ್ಲಿ ಎಂಟು ಇಂಚು ದಾಟಿದರೆ ಅದು 'ಅತ್ಯಂತ ಭಾರಿ ಮಳೆ'. ಆದರೆ ಎಚ್ಚರಿಕೆ ಬರುವುದು ಇಡೀ ಜಿಲ್ಲೆಗೆ ಒಂದೇ ಬಣ್ಣದಲ್ಲಿ. ಭಾಗಮಂಡಲದ ಮಳೆ ಎಲ್ಲಿ, ಕುಶಾಲನಗರದ ಮಳೆ ಎಲ್ಲಿ! ಒಂದೇ ದಿನ ಅಲ್ಲಿ ಕೊಡೆ ಹಾರಿಹೋಗುತ್ತಿದ್ದರೆ ಇಲ್ಲಿ ಬಟ್ಟೆ ಒಣಗುತ್ತಿರುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ್ದು, ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ತರಿಸಿಕೊಳ್ಳುತ್ತದೆ. ಬಹಳ ದೊಡ್ಡ ಕೆಲಸ. ಆದರೂ ನಮ್ಮಲ್ಲಿ ರೆಡ್ ಅಲರ್ಟ್ ಎಂದ ಕೂಡಲೇ ಮೊದಲು ಕೇಳುವ ಪ್ರಶ್ನೆ 'ನಾಳೆ ಶಾಲೆಗೆ ರಜೆಯಾ?' ಎಂದು. ಮಕ್ಕಳು ಬರೆಯ ಕೆಳಗಿನ ಮನೆಯಲ್ಲೇ ಉಳಿಯುತ್ತಾರೆ. ರಜೆ ಕೊಟ್ಟದ್ದು ತಪ್ಪಲ್ಲ. ರಜೆಯ ನಂತರದ ಹೆಜ್ಜೆ ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅದು ನನ್ನ ಸಂಕಟ.

ಪಕ್ಕದ ವಯನಾಡನ್ನು ನೋಡಿ. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಎನ್ನುವ ಸಂಸ್ಥೆ ಇದೆ. ಜಿಲ್ಲೆಯ ಉದ್ದಗಲಕ್ಕೂ ಸುಮಾರು ಇನ್ನೂರು ಕಡೆಗಳಿಂದ ದಿನವೂ ಮಳೆ ಲೆಕ್ಕ ಸೇರಿಸುತ್ತದೆ. ಹೆಚ್ಚಿನದು ನಿಮ್ಮಂಥ ರೈತರ, ತೋಟದವರ ಅಂಗಳದ ಲೆಕ್ಕವೇ. 2020ರಲ್ಲಿ ಆ ಲೆಕ್ಕ ನೋಡಿ ಎಚ್ಚರಿಸಿದಾಗ ಮುಂಡಕ್ಕೈಯಿಂದ ಜನರನ್ನು ಮೊದಲೇ ಸಾಗಿಸಿದರು. ಕುಸಿಯಿತು, ಜೀವ ಹೋಗಲಿಲ್ಲ. 2024ರ ಜುಲೈ ಕೊನೆಯಲ್ಲಿ ಅದೇ ಗುಡ್ಡಗಳ ಮೇಲೆ 48 ಗಂಟೆಯಲ್ಲಿ 572 ಮಿಲಿಮೀಟರ್ ಮಳೆ ಬಿತ್ತು, ಇಪ್ಪತ್ತೆರಡೂವರೆ ಇಂಚು. ಹ್ಯೂಮ್ ಸೆಂಟರ್ ಸುಮಾರು 16 ಗಂಟೆ ಮೊದಲೇ ಎಚ್ಚರಿಸಿದ್ದಾಗಿ ಹೇಳಿದೆ. ಆದರೆ ಹೆಚ್ಚಿನ ಜನ ಮನೆಯಲ್ಲೇ ಇದ್ದರು. 30ರ ನಡುರಾತ್ರಿ ದಾಟಿದ ಮೇಲೆ ಗುಡ್ಡ ಇಳಿಯಿತು. ಕಲ್ಲು, ಮರ, ಕೆಸರು ಹೊಳೆಯ ಪಾತ್ರದಲ್ಲೇ ಎಂಟು ಕಿಲೋಮೀಟರಿನಷ್ಟು ಹರಿಯಿತು. ಮುಂಡಕ್ಕೈ, ಚೂರಲ್‌ಮಲದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಸತ್ತವರಲ್ಲಿ ಬಹಳ ಮಂದಿಯ ಮನೆಯ ಹಿಂದೆ ಗುಡ್ಡವೇ ಇರಲಿಲ್ಲ. ಹೊಳೆ ದಡದ ಸಮತಟ್ಟು ಜಾಗದಲ್ಲಿದ್ದರು.

ಅದೇ ಊರು, ಅದೇ ಲೆಕ್ಕ. ನಾಲ್ಕು ವರ್ಷದ ಅಂತರ. 2020ರಲ್ಲಿ ಎಚ್ಚರಿಕೆ ಕೊನೆಯ ಮನೆಯ ಬಾಗಿಲು ತಟ್ಟಿತು, 2024ರಲ್ಲಿ ದಾರಿಯಲ್ಲೇ ನಿಂತಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಡಿಶಾದವರು ಈ ದಾರಿಯನ್ನು ಕಷ್ಟಪಟ್ಟು ಕಲಿತರು. 1999ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಅಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. 2013ರ ಅಕ್ಟೋಬರ್ 12ರಂದು ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಎಬ್ಬಿಸಿ ಕಳಿಸಿದ್ದರು, ಸತ್ತವರು ಐವತ್ತರ ಒಳಗೆ. ನಡುವಿನ ಹದಿನಾಲ್ಕು ವರ್ಷ ಅವರು ಮಾಡಿದ್ದು ಇದು: ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ಎತ್ತರಿಸಿದ ಆಶ್ರಯ ಕಟ್ಟಡ ಕಟ್ಟಿದರು, ಹಲವನ್ನು ಉಳಿದ ದಿನಗಳಲ್ಲಿ ಶಾಲೆಯಾಗಿ ಬಳಸಿದರು. ಪ್ರತಿಯೊಂದಕ್ಕೂ ಊರಿನವರದೇ ಸಮಿತಿ. ಯಾರು ಮೈಕ್ ಹಿಡಿಯಬೇಕು, ಯಾರು ಬಸುರಿಯರನ್ನು ಕರೆತರಬೇಕು, ಯಾರು ಅಡುಗೆಗೆ ನಿಲ್ಲಬೇಕು ಎಂದು ಮೊದಲೇ ಹಂಚಿಕೊಂಡು, ಬಿಸಿಲಿರುವ ದಿನ ಅಭ್ಯಾಸ ಮಾಡಿದರು. ಮಗು ಅಕ್ಷರ ಕಲಿತ ಕಟ್ಟಡಕ್ಕೇ ಆಪತ್ತಿನ ರಾತ್ರಿ ಓಡುವಾಗ ಅದಕ್ಕೆ ಭಯವಾಗುವುದಿಲ್ಲ. ಇದು ಸಣ್ಣ ಸಂಗತಿಯಲ್ಲ.

ಆದರೆ ಒಡಿಶಾವನ್ನು ಹಾಗೇ ಎತ್ತಿ ಇಲ್ಲಿಗೆ ತರಲು ಆಗುವುದಿಲ್ಲ. ಚಂಡಮಾರುತ ಮೂರು ನಾಲ್ಕು ದಿನ ಮೊದಲೇ ಸಮುದ್ರದ ಮೇಲೆ ಕಾಣುತ್ತದೆ. ಬರೆ ಕುಸಿತಕ್ಕೆ ಅಂಥ ಮುಖ ಇಲ್ಲ. ಯಾವ ಗುಡ್ಡ, ಯಾವ ಗಂಟೆ ಎಂದು ಇವತ್ತಿಗೂ ಯಾರೂ ಹೇಳಲಾರರು. ಹಾಗಾಗಿ ಗುಡ್ಡ ಅಲುಗಿದ ಮೇಲೆ ಓಡುವುದಲ್ಲ, ಮಳೆಯ ಲೆಕ್ಕ ಒಂದು ಗೆರೆ ದಾಟಿದಾಗಲೇ ಏಳಬೇಕು. ಗುಡ್ಡ ಕೊಡುವ ಸೂಚನೆಗಳೂ ಇವೆ. ಗುಡ್ಡದ ಮೇಲ್ಭಾಗದಲ್ಲಿ ಬಿಲ್ಲಿನಾಕಾರದ ಬಿರುಕು. ನೆಟ್ಟಗಿದ್ದ ಸಿಲ್ವರ್ ಓಕ್ ಮರ, ಲೈಟು ಕಂಬ ವಾಲುವುದು. ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ನೀರು. ಎಲ್ಲಕ್ಕಿಂತ ಭಯಂಕರ ಎಂದರೆ ಸುರಿಯುವ ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆ ಎಲ್ಲೋ ಮಣ್ಣು ಬಿದ್ದು ಕಟ್ಟೆಯಾಗಿದೆ ಎಂದು ಅರ್ಥ. ಆಗ ಯೋಚನೆ ಮಾಡುತ್ತಾ ನಿಲ್ಲಬಾರದು. ತೋಡಿನ ಗುಂಟ ಕೆಳಗೆ ಓಡದೆ, ಅಡ್ಡಲಾಗಿ ಎತ್ತರಕ್ಕೆ ಹೋಗಬೇಕು.

ಬಿರುಕು ಕಂಡರೆ ಅದರ ಆಚೆ ಒಂದು ಗೂಟ, ಈಚೆ ಒಂದು ಗೂಟ ಹೊಡೆದು ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಮಳೆ ಪುಸ್ತಕದಲ್ಲೇ ಬರೆಯಿರಿ. ಮರುದಿನ ಮತ್ತೆ ಅಳೆಯಿರಿ. ಅಂತರ ಹೆಚ್ಚಿದ್ದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ.

'ಎಷ್ಟು ಇಂಚು ಎಂದು ನೀವೇ ಹೇಳಿಬಿಡಿ' ಎಂದು ಆ ಕಡೆಯಿಂದ ಕೇಳುತ್ತಿದ್ದಾರೆ. ಬೇರೆ ಕಡೆಯ ಸಂಖ್ಯೆ ತಂದು ನಿಮಗೆ ಅಂಟಿಸಿದರೆ ನಾನು ತಪ್ಪು ಮಾಡಿದಂತೆ. ಮಣ್ಣಿನ ದಪ್ಪ, ಇಳಿಜಾರು, ಕಡಿದ ರೀತಿ, ಇವೆಲ್ಲ ಗುಡ್ಡದಿಂದ ಗುಡ್ಡಕ್ಕೆ ಬೇರೆ. ಆದರೆ ನಿಮ್ಮ ಹತ್ತಿರ ಉತ್ತರ ಇದೆ. 2018ರ ಪುಸ್ತಕ ತೆಗೆದು, ಸುತ್ತ ಮೊದಲ ಬರೆ ಇಳಿದ ದಿನಕ್ಕೆ ಹಿಂದಿನ ಮೂರು ದಿನದ ಇಂಚು ಕೂಡಿಸಿ. 2019ರದ್ದು, 2020ರದ್ದು ಹಾಗೇ ಮಾಡಿ. ಎಲ್ಲಕ್ಕಿಂತ ಚಿಕ್ಕ ಮೊತ್ತ ಯಾವುದೋ ಅದಕ್ಕಿಂತಲೂ ಕೆಳಗೆ ಒಂದು ಕೆಂಪು ಗೆರೆ ಹಾಕಿ. ಅದನ್ನು ಭೂವಿಜ್ಞಾನ ಗೊತ್ತಿರುವವರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಮುಂದಿನ ವರ್ಷಗಳಲ್ಲಿ ಲೆಕ್ಕ ಬೆಳೆದ ಹಾಗೆ ಗೆರೆಯೂ ಸರಿಯಾಗುತ್ತದೆ.

ಗೆರೆ ದಾಟಿತು, ಸರಿ. ಊರಿಗೆ ಹೇಗೆ ತಿಳಿಸುವುದು? ವಾಟ್ಸಾಪ್ ಗುಂಪು ಇದೆ ಎನ್ನುತ್ತೀರಿ. ಕರೆಂಟ್ ಹೋಗಿ ಎರಡು ದಿನ ಆಗಿರುತ್ತದೆ, ಫೋನ್ ಸತ್ತಿರುತ್ತದೆ, ಟವರೂ ನಿಂತಿರುತ್ತದೆ. ಕೊಡವರ ಮನೆಗಳಲ್ಲಿ ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಗುಂಡಿನ ಸದ್ದು ಕೇಳಿದರೆ ಯಾರೂ ಯಾರನ್ನೂ ಕೇಳುವುದಿಲ್ಲ, ಕೆಲಸ ಬಿಟ್ಟು ಹೊರಡುತ್ತಾರೆ. ಒಂದು ಸದ್ದಿಗೆ ಒಂದೇ ಅರ್ಥ, ಅದು ಎಲ್ಲರಿಗೂ ಗೊತ್ತು. ಮನೆ ಬಿಡುವುದಕ್ಕೂ ಅಂಥದೇ ಒಂದು ಸದ್ದು ಬೇಕು. ಕೋವಿಯೇ ಆಗಬೇಕೆಂದಿಲ್ಲ. ದೇವಸ್ಥಾನದ ಗಂಟೆ, ಮಸೀದಿಯ ಮೈಕ್, ಜೀಪಿನ ಹಾರನ್, ಯಾವುದಾದರೂ ಸರಿ. ಮಳೆಯ ಆರ್ಭಟದಲ್ಲೂ ಕೇಳಬೇಕು, ಬೇರೆ ಯಾವುದಕ್ಕೂ ಅದನ್ನು ಬಳಸಬಾರದು.

ಮತ್ತೆ ಲೈನ್ ಮನೆಗಳು, ತೋಟದ ಕೂಲಿಯವರು ಇರುವ ಸಾಲು ಮನೆಗಳು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರು ಈಗ ಇಲ್ಲಿ ಎಷ್ಟು ಜನ ಇದ್ದಾರೆ ಎಂದು ನಿಮಗೇ ಗೊತ್ತು. ಕನ್ನಡದ ಸಂದೇಶ ಅವರಿಗೆ ಓದಲು ಬರುವುದಿಲ್ಲ, ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರಿಲ್ಲ, ಎತ್ತರದ ಜಾಗ ಯಾವುದು ಎಂದು ಅವರಿಗೆ ಯಾರೂ ತೋರಿಸಿಲ್ಲ. ಲೈನ್ ಮನೆ ಹೆಚ್ಚಾಗಿ ಇರುವುದು ತೋಟದ ತಗ್ಗಿನಲ್ಲಿ, ತೋಡಿನ ಪಕ್ಕ. ಕೂಲಿ ಕೊಟ್ಟು ಕರೆತಂದವರ ಜೀವಕ್ಕೆ ನಾವು ಹೊಣೆ. ಪ್ರತಿ ಲೈನಿನಲ್ಲಿ ಒಬ್ಬರನ್ನು ಗುರುತಿಸಿ, ಅವರ ಜೊತೆ ನಡೆದು ಹೋಗಿ ಶಾಲೆಯ ಕಟ್ಟಡ ತೋರಿಸಿ ಬನ್ನಿ.

ಹೋಗದಿರಲು ಜನ ಕೊಡುವ ಕಾರಣಗಳನ್ನು ಉಡಾಫೆ ಎಂದು ತಳ್ಳಿಹಾಕಬೇಡಿ. 2018ರಲ್ಲಿ ಮನೆ ಕಳೆದುಕೊಂಡ ಒಬ್ಬ ಅಜ್ಜಿ, 'ಹಟ್ಟಿಯಲ್ಲಿ ಎರಡು ದನ ಇದ್ದವು ಮಗ, ಅವನ್ನು ಬಿಟ್ಟು ನಾನು ಹೇಗೆ ಬರಲಿ?' ಎಂದು ನನ್ನನ್ನು ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ದನಗಳಿಗೆಂದೇ ಒಂದು ಎತ್ತರದ ಜಾಗ ನಿಗದಿಯಾಗಲಿ, ಹುಲ್ಲು ಮೊದಲೇ ಸೇರಲಿ, ಗೆರೆ ದಾಟುವ ಹಿಂದಿನ ದಿನವೇ ದನ ಹೊರಡಲಿ. ಅಷ್ಟೂ ಆಗದಿದ್ದರೆ ಕಣ್ಣಿ ಬಿಚ್ಚಿ ಬಿಡಿ, ಅವು ದಾರಿ ಹುಡುಕಿಕೊಳ್ಳುತ್ತವೆ. ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್, ಬಿ.ಪಿ. ಮಾತ್ರೆ, ಟಾರ್ಚು ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೂನ್ ಒಂದರಿಂದಲೇ ಬಾಗಿಲ ಹಿಂದೆ ನೇತಾಡುತ್ತಿರಲಿ.

ಮೂರು ಸಲ ಮನೆ ಬಿಟ್ಟು ಹೋದರೂ ಏನೂ ಆಗದಿದ್ದರೆ ನಾಲ್ಕನೇ ಸಲ ಯಾರು ಬರುತ್ತಾರೆ ಎಂದು ಇಲ್ಲಿನ ಸದಸ್ಯರೊಬ್ಬರು ಕೇಳಿದರು. ಬಹಳ ನ್ಯಾಯವಾದ ಪ್ರಶ್ನೆ. ನೆಂಟರ ಮನೆಯಲ್ಲಿ ಎರಡು ರಾತ್ರಿ ಕಳೆದು ಬಂದು ಬಾಗಿಲು ತೆಗೆದಾಗ ಎಲ್ಲ ಇದ್ದ ಹಾಗೇ ಇದ್ದರೆ ನನಗೆ ಅದು ವ್ಯರ್ಥ ಅನ್ನಿಸುವುದಿಲ್ಲ. ಆದರೆ ದಿನಗೂಲಿಯವರಿಗೆ ಆ ಎರಡು ದಿನ ನಷ್ಟವೇ. ಅದಕ್ಕಾಗಿ ಹೋಗುವುದು ಸುಲಭವಾಗಬೇಕು. ಶಾಲೆಯಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬಾಗಿಲಿಗೆ ಚಿಲಕ, ಚಿಲಕವಿರುವ ಶೌಚಾಲಯ, ಬಿಸಿ ಗಂಜಿ. ಒದ್ದೆ ನೆಲದ ಮೇಲೆ ಒಂದು ರಾತ್ರಿ ಕೂತು ಬಂದ ಹೆಂಗಸು ಮುಂದಿನ ಸಲ ಬರುವುದಿಲ್ಲ, ತನ್ನ ಮಕ್ಕಳನ್ನೂ ಕಳಿಸುವುದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರ ಇದೆ. 1077 ಅದರ ಕಂಟ್ರೋಲ್ ರೂಮಿನ ನಂಬರ್. ನೀವು ಮಾಡುವ ನಕ್ಷೆ, ಗೆರೆ, ಲೈನ್ ಮನೆಗಳ ಪಟ್ಟಿ, ಎಲ್ಲದರ ಒಂದು ಪ್ರತಿ ಅಲ್ಲಿಗೂ ತಲುಪಲಿ. ರಕ್ಷಣಾ ತಂಡ ಬಂದಾಗ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ಅವರು ಹುಡುಕುವಂತಾಗಬಾರದು.

ನನ್ನ ಮಾತು ಇಷ್ಟು. ಸಭೆ ಮುಗಿದ ಮೇಲೆ ಯಾರೂ ಕಾಫಿಯ ಕಡೆ ಹೋಗಲಿಲ್ಲ. ನಿನ್ನೆಯ ಅಜ್ಜ ಮಳೆ ಪುಸ್ತಕವನ್ನು ಕಂಕುಳಲ್ಲಿ ಹಿಡಿದೇ ಬಂದಿದ್ದರು, ಅದನ್ನು ಮೇಜಿನ ಮೇಲಿಟ್ಟರು. ಇಬ್ಬರು ಹುಡುಗರು ಬೈಕ್ ಹತ್ತಿ ಹೋಗಿ ಬೇರೆ ಮನೆಗಳಿಂದ ಇನ್ನೂ ನಾಲ್ಕು ತಂದರು. ಸಂಘದ ಕಾರ್ಯದರ್ಶಿ ಕ್ಯಾಲ್ಕ್ಯುಲೇಟರ್ ತೆಗೆದರು. ಅಜ್ಜನ ಸೊಸೆ 2018ರ ಪುಟ ಬಿಡಿಸಿ, ಆಗಸ್ಟ್ 14ರ ಸಂಖ್ಯೆಯ ಮೇಲೆ ಬೆರಳಿಟ್ಟು, ಜೋರಾಗಿ ಓದಲು ಶುರು ಮಾಡಿದರು.